ಕೆಳಗಿನವ ಯಾರು

ಸೂಸೈರಾಜ್ ಹಟ್ಟಿ ಬಿಟ್ಟು ಕೋಲಾರಕ್ಕ ಹೊರಟಾಗ
ಲಾರಿಯೊಳಗ ಜಾಗ ಸಾಲಲಿಲ್ಲ.
ಕ್ವಾರ್ಟರ್ಸಿನ ಪಡಸಾಲ್ಯಾಗ ಉಳಿದದ್ದು
ಕಬ್ಬಿಣದ ಮಂಚ, ಒಂದು ಪ್ಲೇಯರು,
ರಟ್ಟಿನ ಡಬ್ಬಿಯೊಳಗ ಹನ್ನೊಂದು ರೆಕಾರ್ಡು.
"ಜಾಝ್ ಕಣಯ್ಯ, ನಿಂಗೆ ಹಿಡಿಸಲ್ಲ" ಅಂದ,
ಕೀಲಿ ನನ್ನ ಕೈಗಿಟ್ಟು.

ಅವ ಕಲ್ಲು ಪರೀಕ್ಷಾ ಮಾಡವ.
ಅರೆದು, ಜರಡಿ ಹಿಡಿದು, ಕುಲುಮ್ಯಾಗ ಕಾಸಿ
ಕೊನಿಗೆ ಚಿಮಟದ ತುದಿಗೆ ಎಳ್ಳಿನಷ್ಟು ಮಣಿ.
ಟನ್ ಕಲ್ಲಿಗೆ ನಾಕು ಗ್ರಾಮು ಬಂದರ ಅವತ್ತು ಹಬ್ಬ.
"ಹಾಡೂ ಹಂಗೇನೆ" ಅಂತಿದ್ದ,
"ಕಹಳೆ ಊದೋನ್ನ ಎಲ್ರೂ ಕೇಳ್ತಾರೆ,
ಮಿಕ್ಕವರನ್ನ ಪುಡಿ ಮಾಡಿ ಕೇಳು."

ನಾನು ವೈಂಡರ್ ಡ್ರೈವರು. ಇಪ್ಪತ್ತೆಂಟು ವರ್ಷ
ಶಾಫ್ಟಿನ ಬಾಯಾಗ ಕೂತು
ಹಗ್ಗ ಬಿಟ್ಟೆ, ಹಗ್ಗ ಎಳೆದೆ.
ನನಗ ಸಂಗೀತ ಅಂದ್ರ ಗಂಟಿ:
ಒಂದಕ್ಕ ನಿಲ್ಲು, ಎರಡಕ್ಕ ಇಳಿಸು,
ಮೂರಕ್ಕ ಒಳಗ ಮನುಷ್ಯರು ಅದಾರ, ಹಗುರಕ್ಕ.

ಮೊದಲ ಸಲ ಹಚ್ಚಿದಾಗ ಬರೇ ಗದ್ದಲ,
ಒಂದ ಬಾಗಲದಾಗ ಐದು ಮಂದಿ ಒಮ್ಮೆಲೆ ಹೊಂಟಂಗ.
ಹೆಂಡತಿ ರೊಟ್ಟಿ ಬಡಿಯೋದು ನಿಲ್ಲಿಸಿ
"ಯಾರ ಮನ್ಯಾಗ ಜಗಳ?" ಅಂದ್ಲು.
ಎಂಟು ದಿನಕ್ಕೋ ಹತ್ತು ದಿನಕ್ಕೋ
ಅವಳ ಬಡಿತ ಅದರ ತಾಳಕ್ಕ ಹೊಂದಿತ್ತು.
ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ರಟ್ಟಿನ ಮ್ಯಾಲೆ ಕಹಳೆಯವನದೊಂದೇ ಮುಖ,
ಗಲ್ಲ ಉಬ್ಬಿ, ಹಣೆಯೊಳಗ ಬೆವರು.
ಬೆನ್ನಿಗೆ ಸಣ್ಣಕ್ಷರದಾಗ ಇನ್ನ ನಾಕು ಮಂದಿ.
ಮೂರು ಹೆಸರು ಗೆದ್ದಲು ಬಿಟ್ಟಾವ,
ಒಂದನ್ನ ತಿಂದಾವ. ಅಲ್ಲಿ ಉಳಿದದ್ದು: ಬಾಸ್.
"ಅಂದ್ರ ಸಾಹೇಬನೇನು?" ಹೆಂಡತಿ ಕೇಳಿದ್ಲು.

ಪಿಯಾನೋದವ ಕಥಿ ಹೇಳವನಲ್ಲ,
ಕಥಿಗೆ ಹೂಂಗುಡವ.
ಕತ್ತಲಾಗ ಅಜ್ಜಿ "ಮಲಗಿದೇನಲೇ" ಅನ್ನೋಕ್ಕಿಂತ ಮೊದಲ
ಹೂಂ ಅಂತಾನ. ಸುಮ್ಮನಾಗತಾನ. ಹೂಂ ಹೂಂ.
ಡ್ರಮ್ಮಿನವ ಕೋಲು ಕೆಳಗಿಟ್ಟು
ಅಂಗಳ ಉಡುಗತಾನ, ನೀರು ಚಿಮುಕಿಸಿದ ಅಂಗಳ.
ಸ್ಯಾಕ್ಸೊಫೋನಿನವಗ ಎರಡೇ ಸುತ್ತು ಕೊಟ್ಟಾರ,
ಎರಡರೊಳಗ ಅವ ಏನೋ ಕಳಕೊಂಡದ್ದು ಹುಡುಕಿ
ಸಿಕ್ಕಿತೋ ಇಲ್ಲೋ ಹೇಳದ
ಉಸಿರಿನ ಚೂರೊಂದು ಬಿಟ್ಟು ಹಿಂದ ಸರೀತಾನ.
ಆ ಚೂರಿಗಂತ ಎಷ್ಟು ಸಲ ಮುಳ್ಳು ಹಿಂದಿಟ್ಟೀನೋ,
ಈಗ ಅಲ್ಲೊಂದು ಗೀರು ಬಿದ್ದದ. ತಪ್ಪು ನಂದೇ.

ಎಲ್ಲರ ಕೆಳಗ ಇನ್ನೊಬ್ಬ.
ಅವ ಅದಾನಂತ ತಿಳಿಯೋದು ಅವ ಬಿಟ್ಟಾಗ.
ಒಂದ ಕಡೆ ಬಿಡತಾನ, ನಾಕೇ ಮಾತ್ರೆ,
ಕಾಲ ಕೆಳಗಿನ ಹಲಗಿ ಜಗ್ಗಿದಂಗ.

ನನಗೂ ಹಂತಾವನೊಬ್ಬ ಇದ್ದ,
ಹದಿನಾರನೇ ಲೆವೆಲ್ಲಿನ ಗಂಟಿ.
ಎರಡು ಹೊಡೆದರ ನಡುವ ಕೂದಲೆಳಿ ತಡ,
ಬಾಗಲ ಕೊಂಡಿ ಮತ್ತೊಮ್ಮೆ ಮುಟ್ಟಿ ನೋಡಿದಷ್ಟು.
ಮುಖ ಕಂಡಿಲ್ಲ. ಪಾಳಿ ಮುಗಿಸಿ ಮ್ಯಾಲೆ ಬಂದ್ರ
ಎಲ್ಲಾ ಹೆಲ್ಮೆಟ್ಟು, ಎಲ್ಲಾರೂ ಬೂದಿ ಬಣ್ಣ.

ಹೋದ ವರ್ಷ, ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹೋಟೆಲ್ಲು.
ಹಿಂದಿನ ಬೆಂಚಿನಾಗ ಯಾರೋ ಚಮಚೆಲೆ
ಗ್ಲಾಸಿಗೆ ಎರಡು ಹೊಡೆದ.
ನನ್ನ ಕೈ ತಾನ ಲಿವರ್ ಹುಡುಕಿತು.
"ಹದಿನಾರನೇ ಲೆವೆಲ್ಲೇನ್ರಿ?" ಅಂದೆ
ಹೊರಳದ, ಗೋಡಿ ನೋಡಕೋತ.

ಖಾಜಾಹುಸೇನ. ಒಂದು ಕಿವಿ ಬ್ಲಾಸ್ಟಿಂಗಿಗೆ ಹೋಗ್ಯದ.
ಮನಿಗೆ ಕರಕೊಂಡು ಬಂದೆ. ಮುಳ್ಳು ಇಟ್ಟೆ.
ಕಹಳೆ ಕೂಗಿತು, ಅವ ಮಂಡಾಳ ತಿಂದ.
ಸ್ಯಾಕ್ಸೊಫೋನು ಹುಡುಕಿ ಹೋತು, ಅವ ಮೆಣಸಿನಕಾಯಿ ಮುರಿದ.
ಆಮ್ಯಾಲೆ ಅಂಗೈ ಸ್ಪೀಕರಿಗೆ ಊರಿ,
ಚಲೋ ಕಿವಿ ಅಲ್ಲ, ಕೆಟ್ಟ ಕಿವಿ ಹತ್ರ ಒಯ್ದು,
"ಕೆಳಗ ಒಬ್ಬ ಅದಾನಲ್ಲ, ಯಾರವ?" ಅಂದ.

ಗೆದ್ದಲು ತಿಂದ ಜಾಗ ತೋರಿಸಿದೆ.
ತೂತಿನೊಳಗ ಕಿರುಬೆರಳು ಹಾಕಿ
ಆ ಕಡೆ ತನಕ ತಂದು ನೋಡಿದ.
"ಇರ್ಲಿ, ಕೇಜು ಎಲ್ಲೂ ಬಡಿಸಿಲ್ಲ" ಅಂದ,
ಕೈ ಒರೆಸಿಕೊಂಡು,
"ಇನ್ನೊಂದು ಮಗ್ಗಲ ಹಚ್ಚು."